ದಾವಣಿ ಸೆರಗಿನ ಕೆಳಗೆ ಐದು ಬೆರಳು

ಹೊಸದಾಗಿ ಲೆಕ್ಚರರ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಯಾರಾದರೂ ಮನೆಗೆ ಬಂದು, "ಮೇಡಮ್, ನಿಮ್ಮ ಅನುಭವದಲ್ಲಿ ಒಂದು ಮಾತು ಹೇಳಿ" ಎಂದರೆ ನಾನು ಹೇಳುವುದು ಒಂದೇ: ಬೋರ್ಡಿಗೆ ಪಾಠ ಮಾಡಬೇಡಿ, ಬೋರ್ಡು ಪರೀಕ್ಷೆಗೆ ಕೂರುವುದಿಲ್ಲ. ಅವರು ನಗುತ್ತಾರೆ, ಕಾಫಿ ಕುಡಿಯುತ್ತಾರೆ, ಮಾರನೆಯ ದಿನ ಹೋಗಿ ಬೋರ್ಡಿಗೇ ಪಾಠ ಮಾಡುತ್ತಾರೆ. ಹೇಳಿ ಪ್ರಯೋಜನವಿಲ್ಲ ಎಂದಾದ ಮೇಲೆ ಬರೆದಾದರೂ ಇಡೋಣ ಎಂದು ಕೂತಿದ್ದೇನೆ. ಯಾವ ವರ್ಷ ಎಲ್ಲಿಗೆ ವರ್ಗವಾಯಿತು, ಯಾವಾಗ ರೀಡರ್ ಆದೆ ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ, ಅದನ್ನು ಓದಿ ಯಾರೂ ಇನ್ನೊಬ್ಬರಿಗೆ ಹೇಳಿ ನಕ್ಕಿದ್ದನ್ನು ನಾನು ಕಾಣೆ. ನಾನು ಬರೆಯುವುದು ತರಗತಿಯೊಳಗೆ ಏನಾಗುತ್ತಿತ್ತು ಎಂಬುದನ್ನು.

ನನ್ನ ಮೊದಲ ಕಾಲೇಜು ಮಾಲೂರಿನಲ್ಲಿ. ಎಪ್ಪತ್ತರ ದಶಕದ ಮೊದಲ ಭಾಗ. ಮನೆ ಕೋಲಾರದಲ್ಲಿದ್ದರಿಂದ ಬೆಳಿಗ್ಗೆ ಅಡುಗೆ ಮುಗಿಸಿ, ನರಸಾಪುರದಲ್ಲಿ ಬಸ್ ಬದಲಿಸಿ, ತಲೆಯ ಮೇಲೊಂದು ಪದರ ಧೂಳು ಹೊತ್ತು ಕಾಲೇಜು ಸೇರುತ್ತಿದ್ದೆ. ಆಗ ಪಾಠ ಎಂದರೆ ನೋಟ್ಸ್ ಹೇಳುವುದು. ಲೆಕ್ಚರರ್ ಒಂದು ವಾಕ್ಯ ಓದಬೇಕು, ಹುಡುಗರು ಬರೆದುಕೊಳ್ಳಬೇಕು, ಮತ್ತೊಂದು ವಾಕ್ಯ. ಗಂಟೆ ಹೊಡೆದಾಗ ಅರ್ಧ ವಾಕ್ಯದಲ್ಲಿ ನಿಲ್ಲಿಸಿ ಮಾರನೆಯ ದಿನ ಉಳಿದರ್ಧದಿಂದ ಶುರು. ಮಧ್ಯೆ ಯಾರಾದರೂ ಪ್ರಶ್ನೆ ಕೇಳಿದರೆ ಅವನನ್ನು ಕ್ಲಾಸೆಲ್ಲ ತಿರುಗಿ ನೋಡುತ್ತಿತ್ತು, ಪಾಪ ಇವನಿಗೆ ಏನೋ ಆಗಿದೆ ಎನ್ನುವ ಹಾಗೆ.

ನನ್ನದು ಅರ್ಥಶಾಸ್ತ್ರ, ನಾನೂ ಹಾಗೇ ಹೇಳಿದೆ. ಬೇಡಿಕೆಯ ನಿಯಮ ಹೇಳುತ್ತಿದ್ದ ದಿನ ಗಾಳಿ ಬೀಸುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಮನೆಗೆ ತಂದು, ಒಲೆಯ ಮೇಲೆ ಹುರುಳಿಕಾಳು ಬೇಯಲಿಟ್ಟು ಕೂತೆ. ಮೊದಲ ಪತ್ರಿಕೆಯಲ್ಲಿ ಹೀಗಿತ್ತು: "ಬೆಲೆ ಇಳಿದಾಗ ಬೇಡಿಕೆ ಏರುತ್ತದೆ, ಕಿಟಕಿ ಮುಚ್ಚಿ ಧೂಳು ಬರುತ್ತಿದೆ, ಇತರ ಸ್ಥಿತಿಗಳು ಸ್ಥಿರವಾಗಿದ್ದಾಗ." ಯಾರೋ ಪೆದ್ದ ಎಂದುಕೊಂಡೆ. ಎರಡನೆಯದರಲ್ಲೂ ಕಿಟಕಿ. ಮೂರನೆಯದರಲ್ಲೂ. ಇಡೀ ಕಟ್ಟಿನಲ್ಲಿ ಒಂದು ಪತ್ರಿಕೆಯಲ್ಲಿ ಮಾತ್ರ ಕಿಟಕಿ ಇರಲಿಲ್ಲ, ಆ ಹುಡುಗ ಅಂದು ರಜ ಹಾಕಿದ್ದ.

ಮಾರನೆಯ ದಿನ ಲಕ್ಕೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ಬುದ್ಧಿವಂತ ಹುಡುಗನನ್ನು ಕರೆದು ಕೇಳಿದೆ. "ಅಲ್ಲಪ್ಪ, ಬೇಡಿಕೆಗೂ ಕಿಟಕಿಗೂ ಏನು ಸಂಬಂಧ?"

ಅವನು ತಬ್ಬಿಬ್ಬಾಗಲಿಲ್ಲ. "ನೀವೇ ಹೇಳಿದ್ರಲ್ಲ ಮೇಡಮ್, ಇತರ ಸ್ಥಿತಿಗಳು ಸ್ಥಿರವಾಗಿರ್ಬೇಕು ಅಂತ. ಕಿಟಕಿ ತೆಗ್ದಿದ್ರೆ ಎಲ್ಲಿ ಸ್ಥಿರವಾಗಿರ್ತವೆ?"

ಹಿಂದಿನ ದಿನದ ಹುರುಳಿಕಾಳಿನ ಹಾಗೆ ನಾನೂ ಬೆಂದೆ. ಅವನ ಉತ್ತರದಲ್ಲಿ ನನ್ನ ಪಾಠಕ್ಕಿಂತ ಹೆಚ್ಚು ತರ್ಕವಿತ್ತು. ಅಂದಿನಿಂದ ನೋಟ್ಸ್ ಹೇಳುವುದನ್ನು ಬಿಟ್ಟು, ಮುಖ್ಯವಾದದ್ದನ್ನು ಬೋರ್ಡಿನ ಮೇಲೆ ಬರೆದು, ಆಮೇಲೆ ತಿರುಗಿ ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಹುಡುಗರ ತಂದೆತಾಯಿಗಳು ದೂರು ಕೊಟ್ಟರು: ಈ ಮೇಡಮ್ ಪಾಠ ಮಾಡುವುದಿಲ್ಲ, ಬರೀ ಮಾತಾಡುತ್ತಾರೆ.

ಅಲ್ಲಿಂದ ಶ್ರೀನಿವಾಸಪುರಕ್ಕೆ ಹಾಕಿದರು. ಮಾತಾಡಿದರೆ ಸಾಲದು, ಹುಡುಗರು ಕಂಡಿರುವ ವಸ್ತುವನ್ನೇ ಹಿಡಿದು ಮಾತಾಡಬೇಕು ಎಂಬ ಹೊಸ ಉತ್ಸಾಹ ಆಗ ನನಗೆ. ಶ್ರೀನಿವಾಸಪುರದಲ್ಲಿ ಕಂಡಿರುವ ವಸ್ತುವೆಂದರೆ ಮಾವಿನಹಣ್ಣು. ಒಂದೇ ವಸ್ತುವನ್ನು ಮೇಲಿಂದ ಮೇಲೆ ಉಪಯೋಗಿಸಿದರೆ ಅದರಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ನಮ್ಮ ಶಾಸ್ತ್ರದ ಒಂದು ನಿಯಮ. ಒಂದು ಮಂಕರಿ ಹಣ್ಣು ತರಿಸಿ ಮೇಜಿನ ಮೇಲಿಟ್ಟು ಒಬ್ಬ ಹುಡುಗನನ್ನು ಕರೆದೆ. "ತಿನ್ನು, ಸಾಕು ಅನ್ನಿಸಿದಾಗ ಹೇಳು."

ಅವನು ಹಣ್ಣನ್ನು ಮೂಸಿ ನೋಡಿ, "ಸಾಕು ಮೇಡಮ್" ಎಂದ.

"ಇನ್ನೂ ತಿಂದೇ ಇಲ್ವಲ್ಲೋ!"

"ನಮ್ದು ಮಾವಿನ ತೋಟ ಮೇಡಮ್. ಬೆಳಗ್ಗೆ ಎದ್ರೆ ಇದೇ, ಮಲಗಿದ್ರೆ ಇದೇ. ಬೇರೆ ಏನಾರ ತಂದಿದ್ರೆ ತಿಂತಿದ್ದೆ."

ಅವನನ್ನು ಕೂರಿಸಿ ತೋಟವಿಲ್ಲದ ಮನೆಯ ಹುಡುಗನೊಬ್ಬನನ್ನು ಕರೆದೆ. ಅವನು ತಿಂದ, ತಿಂದ, ತಿನ್ನುತ್ತಲೇ ಹೋದ. ಪ್ರತಿ ಹಣ್ಣಿಗೂ "ತೃಪ್ತಿ ಹೇಗಿದೆ?" ಎಂದು ಕೇಳುತ್ತಿದ್ದೆ. "ಜಾಸ್ತಿ ಆಗ್ತಾ ಐತೆ ಮೇಡಮ್" ಎನ್ನುತ್ತಿದ್ದ. ಮಂಕರಿ ಮುಗಿಯಿತು, ನಿಯಮ ಮುರಿಯಿತು. ರಸ ಸುರಿಯುತ್ತಿದ್ದ ಮೇಜನ್ನು ಕಂಡು ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, "ಏನಮ್ಮ, ಪಾಠವೋ ಸಂತರ್ಪಣೆಯೋ?" ಎಂದರು. ಎಲ್ಲರನ್ನೂ ಒಳಗೊಳ್ಳುವ ಪಾಠ ಎಂದರೆ ಎಲ್ಲರಿಗೂ ಒಂದೇ ಹಣ್ಣು ಹಂಚುವುದಲ್ಲ ಎಂದು ನಾನು ಕಲಿತದ್ದು ಹೀಗೆ.

ಆದರೆ ಈ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು ಮುಳಬಾಗಿಲಿನಲ್ಲಿ, ಎಂಬತ್ತರ ದಶಕದ ಶುರುವಿನಲ್ಲಿ, ನಾಗರತ್ನ ಎಂಬ ಹುಡುಗಿ ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ.

ಕುರುಡುಮಲೆಯ ಆಚೆಗಿನ ಹಳ್ಳಿ ಅವಳದು. ಏಳೆಂಟು ವರ್ಷದವಳಿದ್ದಾಗ ಜ್ವರ ಬಂದು ಎರಡು ಕಿವಿಯೂ ಹೋಗಿತ್ತು. ಮಾತು ಮಾತ್ರ ಉಳಿದಿತ್ತು, ಸ್ವಲ್ಪ ಗಟ್ಟಿಯಾಗಿ, ಏರಿಳಿತವಿಲ್ಲದೆ ಆಡುತ್ತಿದ್ದಳು. ಎದುರಿನವರ ತುಟಿ ನೋಡಿ ಕನ್ನಡವನ್ನೂ ತೆಲುಗನ್ನೂ ತಿಳಿದುಕೊಳ್ಳುತ್ತಿದ್ದಳು. ಅವಳ ತಂದೆ ಚೌಡಪ್ಪ ದನದ ದಲ್ಲಾಳಿ. ಸಂತೆಯಲ್ಲಿ ಎತ್ತು ಕೊಡಿಸುವುದು, ಮಾರಿಸುವುದು ಅವನ ಕಸುಬು. ಕೆಂಪು ಅಂಚಿನ ಟವೆಲ್ ಹೆಗಲ ಮೇಲೆ, ಮಾತು ಊರ ತುಂಬ. ಮಗಳನ್ನು ಸೇರಿಸಲು ಬಂದ ದಿನವೇ ನನ್ನೆದುರು ಷರತ್ತು ಇಟ್ಟ.

"ಮೇಡಮ್ನೋರೇ, ಪುಂಗನೂರು ಕಡೆಯಿಂದ ಒಂದು ಸಂಬಂಧ ಬಂದೈತೆ. ಹುಡ್ಗನೂ ದನದ ಯಾಪಾರನೇ. ಇವ್ಳು ಓದ್ತೀನಿ ಓದ್ತೀನಿ ಅಂತ ಊಟ ಬಿಟ್ಟು ಕೂತ್ಲು. ಅದ್ಕೇ ಒಂದು ವರ್ಷ ಅಂತ ಒಪ್ಕಂಡಿದೀನಿ. ಎಲ್ಲಾ ಸಬ್ಜೆಕ್ಟೂ ಒಂದೇ ಸಲಕ್ಕೆ ಪಾಸಾದ್ರೆ ಓದ್ಲಿ. ಒಂದು ಹೋದ್ರೂ ಸೀದಾ ಮದುವೆ."

"ಹುಡುಗಿಗೆ ಆ ಹುಡುಗ ಇಷ್ಟವಾ?"

"ಮೀಸೆ ಜಾಸ್ತಿ ಮೇಡಮ್" ಎಂದಳು ನಾಗರತ್ನ, ನನ್ನ ತುಟಿಯನ್ನೇ ನೋಡುತ್ತಿದ್ದವಳು. "ಏನು ಮಾತಾಡ್ತಾನೆ ಅಂತ ಕಾಣಲ್ಲ. ಜೀವಮಾನವೆಲ್ಲ ಊಹೆ ಮಾಡ್ಕೊಂಡು ಇರ್ಬೇಕು."

ಅವಳು ಟೀಚರ್ ಆಗಬೇಕೆಂದಿದ್ದಳು. ಕೇಳದ ಮಕ್ಕಳಿಗೆ ಪಾಠ ಹೇಳಿಕೊಡುವ ಸ್ಕೂಲುಗಳಿವೆ ಎಂದು ಯಾರೋ ಹೇಳಿದ್ದರಂತೆ.

ಮೊದಲ ದಿನ ಅವಳಿಗೆ ಅನುಕೂಲವಾಗಲೆಂದು ನಾನು ಬಾಯಿ ಅಗಲಿಸಿ, ಒಂದೊಂದು ಅಕ್ಷರವನ್ನೂ ಎಳೆದೆಳೆದು, ಕೂಗಿ ಪಾಠ ಮಾಡಿದೆ. ಗಂಟಲು ಬಿದ್ದುಹೋಯಿತು. ಕ್ಲಾಸು ಮುಗಿದ ಮೇಲೆ ಅವಳು ಬಂದು ಮರ್ಯಾದೆಯಿಂದ ಕೇಳಿದಳು. "ಮೇಡಮ್, ರಾತ್ರಿ ನಿದ್ದೆ ಆಗ್ಲಿಲ್ವಾ? ಪಾಠ ಪೂರ್ತಿ ಆಕಳಿಸ್ತಾ ಇದ್ರಿ." ಸಾಧಾರಣವಾಗಿ ಮಾತಾಡಿದರೆ ಸಾಕು, ಮುಖ ಕಂಡರೆ ಸಾಕು ಎಂದು ಅವಳೇ ಕಲಿಸಿಕೊಟ್ಟಳು.

ಮುಖ ಕಾಣಿಸುವುದೇ ನಮ್ಮ ಕಾಲೇಜಿನಲ್ಲಿ ದುಬಾರಿಯಾಗಿತ್ತು. ಇತಿಹಾಸದ ಅನಂತಯ್ಯನವರು ನಮಗೆಲ್ಲ ಹಿರಿಯರು. ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಕ್ಲಾಸಿಗೆ ಹೋಗಿ, ಬೋರ್ಡಿನ ಕಡೆ ತಿರುಗಿ ನಿಂತರೆ ಗಂಟೆ ಹೊಡೆದ ಮೇಲೆಯೇ ಇತ್ತ ತಿರುಗುತ್ತಿದ್ದುದು. "ಅವರ ಬೆನ್ನು ನಂಗೆ ಚೆನ್ನಾಗಿ ಗೊತ್ತು ಮೇಡಮ್, ಮುಖ ನೋಡಿದ್ರೆ ಗುರ್ತು ಸಿಗಲ್ಲ" ಎನ್ನುತ್ತಿದ್ದಳು ನಾಗರತ್ನ.

ಸ್ಟಾಫ್ ರೂಮಿನಲ್ಲಿ ಒಂದು ದಿನ, ಚಿತ್ರಾನ್ನದ ಡಬ್ಬಿಯನ್ನು ಅವರ ಮುಂದೆ ಸರಿಸಿ, ವಿಷಯ ಎತ್ತಿದೆ.

"ಒಬ್ಬ ಹುಡುಗಿಗೋಸ್ಕರ ನಾನು ತಿರುಗ್ಬೇಕೇನಮ್ಮ?" ಎಂದರು ಅನಂತಯ್ಯ. ಆಮೇಲೆ ದನಿ ತಗ್ಗಿಸಿ, "ನಿನಗೆ ನಿಜ ಹೇಳ್ತೀನಿ. ತಿರುಗಿದ್ರೆ ಹುಡುಗರು ಕಾಣ್ತಾರೆ. ಹುಡುಗರು ಕಂಡ್ರೆ ನನಗೆ ಪಾಠ ಮರೆತುಹೋಗ್ತದೆ" ಎಂದರು. ಅಷ್ಟು ವರ್ಷ ಪಾಠ ಹೇಳಿದ ಮನುಷ್ಯನಿಗೆ ಸಭಾಕಂಪ! ನನಗೆ ಅವರ ಮೇಲೆ ಸಿಟ್ಟು ಬರಲೇ ಇಲ್ಲ, ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನವನ್ನೂ ಬಡಿಸಿದೆ.

ಪ್ರಿನ್ಸಿಪಾಲರ ಬಳಿ ಹೋದೆ. ಅವರಿಗೆ ಯಾವ ರೋಗಕ್ಕೂ ಮದ್ದು ಒಂದೇ, ಸುತ್ತೋಲೆ. "ಬೋಧಕ ವರ್ಗದವರು ಬೋಧನಾ ಸಮಯದಲ್ಲಿ ವಿದ್ಯಾರ್ಥಿಗಳಿಗೆ ಅಭಿಮುಖರಾಗಿ, ಬಾಯಿಯನ್ನು ಇತರ ಪದಾರ್ಥಗಳಿಂದ ಮುಕ್ತವಾಗಿರಿಸಿಕೊಳ್ಳತಕ್ಕದ್ದು" ಎಂದು ಹೊರಡಿಸಿದರು. ಅಟೆಂಡರ್ ಅದನ್ನು ಕ್ಲಾಸಿಂದ ಕ್ಲಾಸಿಗೆ ಒಯ್ದ. ಅನಂತಯ್ಯನವರು ಅದನ್ನು ಪೂರ್ತಿ ಓದಿ ಹೇಳಿದರು, ಬೋರ್ಡಿನ ಕಡೆ ತಿರುಗಿ, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು.

ದಾರಿ ಹುಡುಕಿದವರು ಹುಡುಗಿಯರೇ. ನಾಗರತ್ನಳ ಪಕ್ಕ ಕೂರುತ್ತಿದ್ದವಳು ಶ್ಯಾಮಲ. ಪಾಠದ ಯಾವ ಪುಟ, ಎಷ್ಟನೆಯ ಪ್ರಶ್ನೆ ಎಂಬುದನ್ನು ಅವಳು ಗೆಳತಿಗೆ ತಿಳಿಸಬೇಕಿತ್ತು. ಕೈಯೆತ್ತಿ ತೋರಿಸಿದರೆ ಹುಡುಗರು ನಗುತ್ತಿದ್ದರು. ಆಗ ನಾಗರತ್ನ ಅಪ್ಪನ ವಿದ್ಯೆಯನ್ನು ಅವಳಿಗೆ ಕಲಿಸಿದಳು. ದನದ ಸಂತೆ ನೋಡಿದವರಿಗೆ ಗೊತ್ತು, ಅಲ್ಲಿ ನಾಲ್ಕು ಜನರ ಎದುರು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ಕೈ ಚಾಚುತ್ತಾರೆ, ಮೇಲೊಂದು ಟವೆಲ್ ಮುಚ್ಚುತ್ತಾರೆ, ಒಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ನೂರೋ ಸಾವಿರವೋ ಎಂಬುದನ್ನು ಎತ್ತಿನ ಮುಖ ನೋಡಿ ತಿಳಿದುಕೊಳ್ಳಬೇಕು. ಈ ಹುಡುಗಿಯರು ಟವೆಲ್ ಬದಲು ದಾವಣಿ ಸೆರಗು ಮುಚ್ಚಿಕೊಂಡರು. ನಾನು ಕಂಡರೂ ಕಾಣದಂತಿದ್ದೆ. ಕ್ರಮೇಣ ಹಿಂದಿನ ಬೆಂಚಿನ ಹುಡುಗರೂ ಇದನ್ನು ಕಲಿತರು. ಅನಂತಯ್ಯನವರ ಪಾಠ ಕಿವಿ ಇದ್ದವರಿಗೂ ಕೇಳುತ್ತಿರಲಿಲ್ಲ ನೋಡಿ.

ವರ್ಷ ಹೀಗೇ ಸಾಗಿ ವಾರ್ಷಿಕ ಪರೀಕ್ಷೆ ಬಂತು. ನಾಗರತ್ನ ಹುಚ್ಚು ಹಿಡಿದವಳಂತೆ ಓದಿದ್ದಳು. ಅರ್ಥಶಾಸ್ತ್ರವೇ ಕೊನೆಯ ಪತ್ರಿಕೆ. ಪ್ರಶ್ನೆಪತ್ರಿಕೆಯಲ್ಲಿ "ಯಾವುದಾದರೂ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ" ಎಂದು ಅಚ್ಚಾಗಿತ್ತು. ಅದು ಐದು ಎಂದಿರಬೇಕಿತ್ತು. ತಪ್ಪು ತಿಳಿದು ಬರುವ ಹೊತ್ತಿಗೆ ಪರೀಕ್ಷೆಯ ಸಮಯ ಬಹುಪಾಲು ಕಳೆದಿತ್ತು. ನಾನು ಪಕ್ಕದ ಕೊಠಡಿಯಲ್ಲಿದ್ದೆ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ನಾಗರತ್ನ ಇದ್ದ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಇದ್ದವರು ಅನಂತಯ್ಯನವರು.

ಅವರೂ ಹೇಳಿದರು. ಬಾಗಿಲಾಚೆ ಎಲೆಅಡಿಕೆ ಉಗಿಯಲು ಹೋಗುತ್ತ, ಬೀದಿಯ ಕಡೆ ಮುಖ ಮಾಡಿ ಹೇಳಿದರು.

ಹತ್ತಿರ ಕೂತಿದ್ದವರಿಗೆ ಕೇಳಿಸಿತು, ಅವರಿಂದ ಹಿಂದಿನವರಿಗೆ ಗುಸುಗುಸು ಹರಡಿತು. ನಾಗರತ್ನ ನಾಲ್ಕು ಉತ್ತರ ಮುಗಿಸಿ, ನೆಮ್ಮದಿಯಾಗಿ ಉತ್ತರಪತ್ರಿಕೆಗೆ ದಾರ ಕಟ್ಟುತ್ತಿದ್ದಳು. ಪಕ್ಕದ ಸಾಲಿನಲ್ಲಿದ್ದ ಶ್ಯಾಮಲ ಅದನ್ನು ನೋಡಿದಳು. ಕಣ್ಣು ಸನ್ನೆ ಮಾಡಿದಳು, ಕೆಮ್ಮಿದಳು. ಕೆಮ್ಮು ಯಾರಿಗೆ ಕೇಳಬೇಕು? ಕೊನೆಗೆ ತಡೆಯಲಾರದೆ ಕೈ ಚಾಚಿ, ಸೆರಗಿನ ಕೆಳಗೆ ಗೆಳತಿಯ ಐದೂ ಬೆರಳನ್ನು ಗಟ್ಟಿಯಾಗಿ ಹಿಡಿದಳು. ನಾಗರತ್ನಳಿಗೆ ಅರ್ಥವಾಯಿತು. ದಾರದ ಗಂಟು ಬಿಚ್ಚತೊಡಗಿದಳು.

ಉಗಿದು ಬಂದ ಅನಂತಯ್ಯನವರಿಗೆ ಕಂಡದ್ದು ಸೆರಗಿನ ಕೆಳಗೆ ಎರಡು ಕೈ. "ಏನದು? ಏನು ಕೊಟ್ಟೆ? ಏನು ತಗೊಂಡೆ?" ಎಂದು ಕೂಗಾಡಿದರು. ಸೆರಗು ಕೊಡವಿದರೆ ಏನೂ ಉದುರಲಿಲ್ಲ. ಅದರಿಂದ ಅವರ ಅನುಮಾನ ಹೆಚ್ಚಾಯಿತು. ಚೀಟಿಯೂ ಇಲ್ಲದೆ ಕಾಪಿ ಮಾಡುತ್ತಾರೆಂದರೆ ಇವರು ಎಂಥ ಖದೀಮರಿರಬೇಕು! ಇಬ್ಬರ ಪತ್ರಿಕೆಯನ್ನೂ ಕಿತ್ತುಕೊಂಡು ಹೊರಗೆ ಕಳಿಸಿದರು. ಪ್ರಿನ್ಸಿಪಾಲರು ಪರೀಕ್ಷಾ ಅಕ್ರಮ ಎಂದು ಬರೆದು ವಿಶ್ವವಿದ್ಯಾಲಯಕ್ಕೆ ರವಾನಿಸಿದರು. ಆರೋಪ ನಿಂತರೆ ವರ್ಷಗಟ್ಟಲೆ ಪರೀಕ್ಷೆಗೆ ಕೂರುವಂತಿಲ್ಲ. ನಾಗರತ್ನಳ ಮಟ್ಟಿಗೆ ಅದು ಪುಂಗನೂರಿನ ಬಸ್ಸು.

ವಿಚಾರಣೆಗೆ ಬೆಂಗಳೂರಿನಿಂದ ಮೂವರ ಸಮಿತಿ ಕೋಲಾರಕ್ಕೆ ಬಂತು. ಮುಳಬಾಗಿಲಿನಿಂದ ಹುಡುಗಿಯರನ್ನೂ ಚೌಡಪ್ಪನನ್ನೂ ಬರಹೇಳಿದ್ದೆ. ಬೆಳಿಗ್ಗೆ ಮೂವರೂ ನಮ್ಮ ಮನೆಗೇ ಬಂದರು. ಉಪ್ಪಿಟ್ಟು ಬಡಿಸುತ್ತ ಚೌಡಪ್ಪನಿಗೆ ಪಾಠ ಹೇಳಿಕೊಟ್ಟೆ.

"ನೋಡಿ ಚೌಡಪ್ಪನೋರೇ, ಅವರಿಗೆ ಇರೋ ಅನುಮಾನ ಒಂದೇ. ಬೆರಳು ಹಿಡಿದು ಪೂರ್ತಿ ಉತ್ತರ ಹೇಳಿಕೊಟ್ಟಿದಾಳೆ ಅಂತ. ನೀವು ಒಂದೇ ಮಾತು ಹೇಳಿ. ಬೆರಳಲ್ಲಿ ಅಂಕಿ ಬಿಟ್ಟು ಬೇರೇನೂ ಹೇಳಕ್ಕಾಗಲ್ಲ ಅಂತ. ಅಷ್ಟು ಹೇಳಿ ಸುಮ್ಮನಾಗ್ಬಿಡಿ."

"ಅಷ್ಟೇ ತಾನೇ? ಬಿಡಿ ಮೇಡಮ್, ಎತ್ತಿನ ಹಲ್ಲು ಎಣಿಸಿದಂಗೆ ಹೇಳ್ಬಿಡ್ತೀನಿ" ಎಂದ. ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ.

ನಮಗಿಂತ ಮೊದಲು, ಅಂಗಾಲಿನ ಮೇಲೆ ಇಡೀ ಅಧ್ಯಾಯ ಬರೆದುಕೊಂಡು ಬಂದಿದ್ದ ಹುಡುಗನೊಬ್ಬನ ವಿಚಾರಣೆ ನಡೆಯಿತು. ಅವನು ಕುಂಟುತ್ತ ಹೊರಗೆ ಬಂದ ಮೇಲೆ ನಮ್ಮನ್ನು ಕರೆದರು. ಅಧ್ಯಕ್ಷರು ದಪ್ಪ ಕನ್ನಡಕದ ಹಿರಿಯ ಪ್ರೊಫೆಸರು. ಮಾತು ಅಚ್ಚಾದ ಪುಸ್ತಕದಂತೆ. ಅನಂತಯ್ಯನವರು ಒಂದು ಮೂಲೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ನಾನು ನಡೆದದ್ದನ್ನು ಹೇಳಿದೆ. ಹುಡುಗಿಗೆ ಕೇಳಿಸುವುದಿಲ್ಲ, ತಿದ್ದುಪಡಿಯನ್ನು ಬೋರ್ಡಿನ ಮೇಲೆ ಬರೆಯಲಿಲ್ಲ, ಗೆಳತಿ ಐದು ಎಂಬ ಅಂಕಿಯೊಂದನ್ನು ಮಾತ್ರ ತಿಳಿಸಿದಳು. ಅಧ್ಯಕ್ಷರು ತಲೆದೂಗಿ, ಚೌಡಪ್ಪನ ಕಡೆ ತಿರುಗಿದರು.

"ಈ ಅಂಗುಲಿ ಸಂಜ್ಞೆಯ ಮುಖಾಂತರ ಸಂಖ್ಯೆಗಳ ಹೊರತು ಅನ್ಯ ವಿಷಯ ಸಂವಹನ ಸಾಧ್ಯವಿಲ್ಲವೆಂದು ತಮ್ಮ ಅಭಿಪ್ರಾಯವೋ?"

ಚೌಡಪ್ಪ ನನ್ನ ಕಡೆ ನೋಡಿದ. "ಬೆರಳಲ್ಲಿ ಬೆಲೆ ಬಿಟ್ಟು ಬೇರೆ ಹೇಳಕ್ಕಾಗಲ್ವಾ ಅಂತ ಕೇಳ್ತಿದಾರೆ" ಎಂದೆ.

ಅವನು ಬಾಯಿ ತೆರೆದ. ಅಷ್ಟರಲ್ಲಿ ಸಮಿತಿಯ ಇನ್ನೊಬ್ಬ ಸದಸ್ಯರು ಪಕ್ಕದವರಿಗೆ, "ದಲ್ಲಾಳಿಗಳ ವಿದ್ಯೆ ತಾನೇ, ಅದರಲ್ಲೇನು ಮಹಾ ಇರುತ್ತೆ" ಎಂದುಬಿಟ್ಟರು.

ಚೌಡಪ್ಪನ ಮುಖ ಕೆಂಪಾಯಿತು. ಕಸುಬಿನ ಮಾನದ ಪ್ರಶ್ನೆ ಬಂದಾಗ ಅವನಿಗೆ ಮಗಳೂ ಮರೆತುಹೋದಳು, ಉಪ್ಪಿಟ್ಟೂ ಮರೆತುಹೋಯಿತು. "ಏನ್ ಸ್ವಾಮಿ ಹಂಗಂದ್ಬಿಟ್ರಿ? ಇದ್ರಲ್ಲಿ ಏನಿಲ್ಲ ಅಂತೀರಾ? ನಮ್ಮಪ್ಪ, ನಮ್ಮ ತಾತ, ಈ ಟವೆಲ್ ಕೆಳ್ಗೇ ಬಾಳಿದೋರು. ಎತ್ತಿನ ವಯಸ್ಸು, ಸುಳಿ, ಮಾಲೀಕನ ಯೋಗ್ತೆ, ಎಲ್ಲಾ ಇದ್ರಲ್ಲೇ ಹೇಳ್ತೀವಿ. ಬೇಕಾದ್ರೆ ರಾಮಾಯಣ ಮಹಾಭಾರತ ಎರಡೂ ಹೇಳ್ತೀನಿ!"

ತಂದೆಯ ತುಟಿಯನ್ನು ನೋಡುತ್ತಿದ್ದ ನಾಗರತ್ನ ಹಣೆ ಚಚ್ಚಿಕೊಂಡಳು. ಶ್ಯಾಮಲ ಅಳುವುದಕ್ಕೆ ಶುರುಮಾಡಿದಳು. ಕಿಟಕಿಯ ಕಡೆಯಿಂದ ಅನಂತಯ್ಯನವರು ಮೊದಲ ಬಾರಿಗೆ ಇತ್ತ ತಿರುಗಿದರು.

"ಅಂದರೆ ಸಂಪೂರ್ಣ ಉತ್ತರವನ್ನೂ ಹೇಳಬಹುದು?" ಎಂದರು ಅಧ್ಯಕ್ಷರು, ಪೆನ್ನು ಎತ್ತಿಕೊಂಡು.

"ಉತ್ತರ ಏನು ಸ್ವಾಮಿ, ಪ್ರಶ್ನೇನೂ ಹೇಳ್ತೀನಿ."

ನನಗೆ ಬೇರೆ ದಾರಿ ಕಾಣಲಿಲ್ಲ. "ಹಾಗಾದ್ರೆ ಇಲ್ಲೇ ಹೇಳಿಸಿ ನೋಡಿ ಸರ್" ಎಂದೆ. "ನೀವು ಒಂದು ಮಾತು ಅವರ ಕಿವಿಯಲ್ಲಿ ಹೇಳಿ. ಮಗಳು ಆ ಕಡೆ ತಿರುಗಿರಲಿ. ಅವರು ಬೆರಳಲ್ಲಿ ತಿಳಿಸಲಿ."

ಅಧ್ಯಕ್ಷರಿಗೂ ಕುತೂಹಲ. ನಾಗರತ್ನಳನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಚೌಡಪ್ಪನ ಕಿವಿಯಲ್ಲಿ, "ಬೆಲೆ ಇಳಿದಾಗ ಬೇಡಿಕೆ ಏರುತ್ತದೆ" ಎಂದರು. ಚೌಡಪ್ಪ ಟವೆಲ್ ಕೊಡವಿ, ಗಾಂಭೀರ್ಯದಿಂದ ಮಗಳ ಕೈ ಮೇಲೆ ಮುಚ್ಚಿದ. ಒಳಗೆ ಕೈ ಹಾಕಿದ. ಒಂದು ಬೆರಳು ಹಿಡಿದ, ಬಿಟ್ಟ. ಎರಡು ಹಿಡಿದ, ತಿರುಚಿದ. ಪೂರ್ತಿ ಕೈ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ. ಟವೆಲ್ಲಿನ ಒಳಗೆ ಎರಡು ಬೆಕ್ಕು ಜಗಳವಾಡಿದಂತಿತ್ತು. ಅವನ ಹಣೆಯಿಂದ ಬೆವರು ತೊಟ್ಟಿಕ್ಕಿತು. "ಚೂಡು ಅಮ್ಮಣ್ಣೀ, ಸರಿಯಾಗಿ ನೋಡೇ" ಎಂದು ತೆಲುಗು ಕನ್ನಡ ಬೆರೆಸಿ ಗೊಣಗಿದ, ಕೇಳಿಸದ ಮಗಳ ಬೆನ್ನಿಗೆ.

ಕೊನೆಗೆ ಕೈಬಿಟ್ಟ. ನಾಗರತ್ನಳನ್ನು ಇತ್ತ ತಿರುಗಿಸಿ, "ಏನು ಹೇಳಿದರಮ್ಮ?" ಎಂದರು ಅಧ್ಯಕ್ಷರು.

"ಮೊದ್ಲು ಒಂದು ಸಾವ್ರ ಅಂದ್ರು ಸಾರ್. ಆಮೇಲೆ ಎರಡು. ಆಮೇಲೆ ಐದಕ್ಕೆ ಏರಿಸಿ, ಕೈ ಅಲ್ಲಾಡಿಸ್ಬಿಟ್ರು." ಅವಳು ಸ್ವಲ್ಪ ಯೋಚಿಸಿದಳು. "ಯಾಪಾರ ಕುದುರಲಿಲ್ಲ ಅನ್ಸುತ್ತೆ. ಎತ್ತು ಯಾವ್ದು ಅಂತ ಮಾತ್ರ ಗೊತ್ತಾಗ್ಲಿಲ್ಲ."

ಸಮಿತಿಯ ಮೂವರೂ ನಕ್ಕರು. ಅಂಗಾಲಿನ ಹುಡುಗ ಕೂಡ ಬಾಗಿಲಾಚೆಯಿಂದ ನಕ್ಕ. ಚೌಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನ ಬಳಿ ಸರಿದು, "ಮೇಡಮ್, ಇದೊಂದು ಮಾತ್ರ ಸಂತೇಲಿ ಯಾರ್ಗೂ ಗೊತ್ತಾಗ್ಬಾರ್ದು" ಎಂದ.

ಆಗ ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ ನಡೆಯಿತು. ಅನಂತಯ್ಯನವರು ಎದ್ದರು. ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಸಮಿತಿಯ ಮುಂದೆ ನಿಂತರೂ ಮುಖ ಮಾಡಿದ್ದು ನಾಗರತ್ನಳ ಕಡೆಗೆ. "ನಾನು ಹೊರಗಡೆ ನೋಡ್ಕೊಂಡು ಹೇಳಿದ್ದು ನಿಜ" ಎಂದರು. "ಬರೀಬೇಕಾಗಿತ್ತು. ಬರೀಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಮುಂದಿನ ಮಾತು ಮರೆತುಹೋಯಿತು. ಹೋಗಿ ಕೂತುಬಿಟ್ಟರು. ಆ ಮುಖವನ್ನು ನಾಗರತ್ನ ಕಣ್ಣು ಪಿಳುಕಿಸದೆ ನೋಡಿದಳು.

ಅಧ್ಯಕ್ಷರು ಉಳಿದಿಬ್ಬರ ಜೊತೆ ಮಾತಾಡಿದರು. ಮೌಲ್ಯಮಾಪನ ಮಾಡಿಸಿ ಮುಚ್ಚಿದ ಲಕೋಟೆಯಲ್ಲಿ ತಂದಿದ್ದ ಇಬ್ಬರ ಪತ್ರಿಕೆಗಳನ್ನೂ ತೆರೆದು ನೋಡಿದರು. ಬಳಿಕ ತಲೆ ಬಗ್ಗಿಸಿ, ಮುಂದಿದ್ದ ಕಡತಕ್ಕೆ ಹೇಳುವವರಂತೆ ಓದಿದರು. "ಸದರಿ ವಿದ್ಯಾರ್ಥಿನಿಯರ ಮೇಲಿನ ಆಪಾದನೆಯು ಸಾಬೀತಾಗದಿರುವುದರಿಂದ, ಪ್ರಕರಣವನ್ನು ಕೈಬಿಟ್ಟು, ತಡೆಹಿಡಿಯಲ್ಪಟ್ಟ ಫಲಿತಾಂಶವನ್ನು ಊರ್ಜಿತಗೊಳಿಸತಕ್ಕದ್ದೆಂದು ಸಮಿತಿಯು ಅಭಿಪ್ರಾಯಪಡುತ್ತದೆ."

ಚೌಡಪ್ಪ ನನ್ನ ಸೀರೆಯಂಚು ಹಿಡಿಯುವಷ್ಟು ಹತ್ತಿರ ಬಂದು, "ಅಂದ್ರೆ? ಗೆದ್ವಾ ಸೋತ್ವಾ ಮೇಡಮ್?" ಎಂದು ಪಿಸುಗುಟ್ಟಿದ. ನಾಗರತ್ನಳಿಗೆ ಕಂಡದ್ದು ಅಧ್ಯಕ್ಷರ ನೆತ್ತಿ ಮಾತ್ರ. ಅವಳು ನನ್ನ ಮುಖ ನೋಡಿದಳು. ನಾನು ಹೇಳಿಬಿಡಬಹುದಿತ್ತು. ಆದರೆ ವರ್ಷವೆಲ್ಲ ಹೋರಾಡಿದ್ದು ಯಾತಕ್ಕೆ?

"ಸರ್," ಎಂದೆ, "ಅದನ್ನು ಅವಳ ಕಡೆ ನೋಡಿ ಹೇಳ್ಬೇಕು. ಮನೇಲಿ ಮಾತಾಡೋ ಹಾಗೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಮನೆಯಲ್ಲಿ ಹೇಗೆ ಮಾತಾಡುತ್ತೇನೆಂದು ನೆನಪಿಸಿಕೊಳ್ಳುತ್ತಿದ್ದರೋ ಏನೋ. ಆಮೇಲೆ ಕಡತ ಮುಚ್ಚಿದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ನಾಗರತ್ನಳ ಮುಖವನ್ನು ನೇರ ನೋಡಿ ಹೇಳಿದರು. "ನೀನು ತಪ್ಪು ಮಾಡಿಲ್ಲ ಕಣಮ್ಮ. ಬರೆದ ನಾಲ್ಕು ಉತ್ತರದಲ್ಲೇ ನೀನು ಪಾಸು, ಉಳಿದ ಸಬ್ಜೆಕ್ಟೂ ಎಲ್ಲಾ ಪಾಸು."

"ಇನ್ನೊಂದ್ಸಲ ಹೇಳಿ ಸಾರ್" ಎಂದಳು.

"ಯಾಕಮ್ಮ, ತಿಳಿಯಲಿಲ್ವಾ?"

"ತಿಳೀತು ಸಾರ್. ಇನ್ನೊಂದ್ಸಲ ನೋಡೋಣ ಅಂತ."

ಅವರು ಇನ್ನೊಂದು ಸಲ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಚೌಡಪ್ಪ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅವಳು ನಿಂತಿದ್ದ ಜಾಗದಲ್ಲಿ ತಾನು ನಿಂತುಕೊಂಡು, ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಸ್ವಾಮಿ," ಎಂದ, "ನಂಗೂ ಒಂದ್ಸಲ."